ಗೋಪಾಳದ ಐದು ತಕರಾರು ಅರ್ಜಿಗಳು

2025ರ ನವೆಂಬರ್ 10, ಸೋಮವಾರ. ಬೆಳಿಗ್ಗೆ 10.20ಕ್ಕೆ ಶಿವಮೊಗ್ಗದ ಗೋಪಾಳ ಬಡಾವಣೆಯ ಸುಮನಾ ಠಾಣೆಗೆ ಬಂದರು. ಹೊಸಮನೆಯ ಗಿರಣಿಯಿಂದ ನೇರ ಬಂದಿದ್ದರಿಂದ ಸೆರಗಿಗೆ ಜೋಳದ ಹಿಟ್ಟು ಮೆತ್ತಿತ್ತು. ಹಿಟ್ಟಿನ ಚೀಲಗಳು ಹೊರಗೆ ಆಟೋದಲ್ಲೇ ಇದ್ದವು.

ಗಂಡ ತೀರಿಕೊಂಡ ಮೇಲೆ ಆಕೆ ಮನೆಯ ಕೆಳಮಹಡಿಯಲ್ಲಿ ರೊಟ್ಟಿ ಊಟದ ಮೆಸ್ ನಡೆಸುತ್ತಿದ್ದರು. ತಾಯಿ ಮಗಳು ಇಬ್ಬರ ಬದುಕೂ ಅದರ ಮೇಲೆಯೇ. ವಾಸದ ಜಾಗದಲ್ಲಿ ವ್ಯಾಪಾರ ಮಾಡಲು ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಬೇಕು, ಅರ್ಜಿ ಹಾಕಿದ್ದರು. ನೆರೆಹೊರೆಯವರ ತಕರಾರು ಇದ್ದರೆ ತಿಳಿಸಿ ಎಂದು ಪ್ರಾಧಿಕಾರದವರು ಗೇಟಿಗೆ ನೋಟಿಸ್ ಅಂಟಿಸಿದರು. ಐದು ತಕರಾರು ಬಂದವು. 21ರ ಸಭೆಯಲ್ಲಿ ಅರ್ಜಿ ಬಿದ್ದುಹೋದರೆ ಮೆಸ್ಸಿಗೆ ಬೀಗ.

"ಅದಕ್ಕೆ ಪೊಲೀಸರ ಹತ್ರ ಯಾಕೆ ಬಂದ್ರಿ?" ಇನ್‌ಸ್ಪೆಕ್ಟರ್ ಶಂಕರನಾರಾಯಣ ಕೇಳಿದರು.

"ಅವು ಯಾವುದೂ ಆ ನೆರೆಯವರು ಬರೆದಿದ್ದಲ್ಲ ಸಾರ್. ಮೊದಲನೇ ಸಹಿ ಪಕ್ಕದ ಮನೆ ಕಾಶಮ್ಮಂದು. ಜಗಳ ಆಡೋಣ ಅಂತಲೇ ಹೋದೆ. ನೋಡಿದ್ರೆ ಅವರು ನನ್ನ ರೊಟ್ಟಿನೇ ತಿಂತಾ ಕೂತಿದ್ರು."

11.15ಕ್ಕೆ ನಕಲಿ ದಾಖಲೆ ಸೃಷ್ಟಿಯ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಶಂಕರನಾರಾಯಣ, ಹೆಡ್ ಕಾನ್‌ಸ್ಟೇಬಲ್ ಪುಷ್ಪಮ್ಮನ ಜೊತೆ ಕಾಶಮ್ಮನ ಮನೆಗೆ ಹೋದರು. ಎಪ್ಪತ್ತು ದಾಟಿದ ಕಾಶಮ್ಮ ತಕರಾರಿನ ಜೆರಾಕ್ಸ್ ಪ್ರತಿಯನ್ನು ಮುಟ್ಟಲೂ ಇಲ್ಲ.

"ನಾನ್ಯಾಕೆ ಬರೀಲಿ ಮಾರಾಯ್ತಿ?" ಎಂದು ಪುಷ್ಪಮ್ಮನ ಮೇಲೆಯೇ ರೇಗಿದರು. "ಮಧ್ಯಾಹ್ನದ ಊಟ ಅಲ್ಲಿಂದಲೇ ಬರೋದು. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕ್ಕೋತೀನಾ?"

"ಮತ್ತೆ ಈ ಸಹಿ?"

"ಬ್ಯಾಂಕಲ್ಲೂ ನಂದು ಹೆಬ್ಬೆಟ್ಟೇ ಕಣಮ್ಮ."

ಉಳಿದ ನಾಲ್ವರೂ ತಾವು ಬರೆದಿಲ್ಲವೆಂದೇ ಹೇಳಿಕೆ ಕೊಟ್ಟರು.

ನವೆಂಬರ್ 11, ಬೆಳಿಗ್ಗೆ 11 ಗಂಟೆ. ಪ್ರಾಧಿಕಾರದ ಕಚೇರಿಯಲ್ಲಿ ಇಬ್ಬರು ಪಂಚರ ಮುಂದೆ ಐದೂ ಮೂಲ ಅರ್ಜಿಗಳನ್ನು ಜಪ್ತಿ ಮಾಡಿ ಪಂಚನಾಮೆ ಬರೆಯಲಾಯಿತು. ಸಹಿ ಮಾಡಿದವನು ಜಾಣ. ಐದು ಸಹಿ ಐದು ಥರ, ಪೆನ್ನೂ ಬೇರೆ ಬೇರೆ. ಆದರೆ ಪುಷ್ಪಮ್ಮನ ಬೆರಳು ಹಾಳೆಯ ಮೇಲಂಚಿನಲ್ಲಿ ನಿಂತಿತು. ಅಲ್ಲೊಂದು ಪುಟ್ಟ ಸುಳಿ, ಅದರ ಬಾಲಕ್ಕೆ ಅಡ್ಡಗೆರೆ. ಐದರಲ್ಲೂ ಇತ್ತು.

"ಇದು ಪಿಳ್ಳೆಯಾರ್ ಸುಳಿ ಸಾರ್. ನಾವು ಶ್ರೀ ಅಂತ ಬರೆಯೋ ಹಾಗೆ ತಮಿಳರು ಗಣಪತಿ ಹೆಸರಲ್ಲಿ ಹಾಕ್ತಾರೆ. ಭದ್ರಾವತಿ ಕಾರ್ಖಾನೆ ಕ್ವಾರ್ಟರ್ಸಲ್ಲಿ ನಾನು ಬೆಳೆದಿದ್ದು ಅವರ ಮಧ್ಯೆನೇ. ಇದಿಲ್ಲದೆ ಒಂದು ಚೀಟಿನೂ ಬರೀತಿರಲಿಲ್ಲ."

"ಆ ಬೀದೀಲಿ ತಮಿಳರ ಮನೆ?"

"ಒಂದೂ ಇಲ್ಲ."

ಶಂಕರನಾರಾಯಣ ಗುಮಾಸ್ತರ ಕಡೆ ತಿರುಗಿದರು. "ಇದೇ ಬೀದಿಯಿಂದ ಹಿಂದೆ ಯಾರಾದ್ರೂ ಇಂಥ ಅರ್ಜಿ ಹಾಕಿದ್ರಾ?"

ಒಂದೇ ಒಂದು ಕಡತ ಸಿಕ್ಕಿತು. 2022ರದ್ದು. ಭದ್ರಾವತಿಯಿಂದ ಬಂದು ಬಾಡಿಗೆ ಮಳಿಗೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದ ಗೋವಿಂದಯ್ಯ ಎಂಬ ನಿವೃತ್ತ ಕಾರ್ಮಿಕನ ಅರ್ಜಿ. ಹಾಳೆಯ ಮೇಲೆ ಅದೇ ಸುಳಿ. ಅದರ ಮೇಲೆ ಬಂದಿದ್ದು ಒಂದೇ ತಕರಾರು: "ವಾಸದ ಬೀದಿಯಲ್ಲಿ ಈ ಸದ್ದು ಸಹಿಸಲಾಗದು. ನಿಯಮ ಎಲ್ಲರಿಗೂ ಒಂದೇ ಇರಲಿ." ಆ ಎರಡನೆಯ ಸಾಲು ಈಗಿನ ಐದೂ ಅರ್ಜಿಗಳಲ್ಲಿ ಅಕ್ಷರಶಃ ಇತ್ತು. ಗೋವಿಂದಯ್ಯನ ಅರ್ಜಿ ತಿರಸ್ಕೃತವಾಗಿ ಗಿರಣಿ ಮುಚ್ಚಿತ್ತು. ತಕರಾರಿನ ಕೆಳಗಿದ್ದ ಸಹಿ ಸುಮನಾರದು.

"ಅಯ್ಯೋ ದೇವರೆ," ಎಂದರು ಪುಷ್ಪಮ್ಮ.

ನವೆಂಬರ್ 12, ಮಧ್ಯಾಹ್ನ 1.30, ಭದ್ರಾವತಿ. ಕ್ವಾರ್ಟರ್ಸಿನ ಹಿತ್ತಿಲ ಶೀಟಿನ ಕೆಳಗೆ ಗೋವಿಂದಯ್ಯ ಗಿರಣಿಯ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಮೂರು ವರ್ಷದಿಂದ ಅದು ಒಂದು ಕಾಳೂ ಬೀಸಿರಲಿಲ್ಲ.

"ಬಿಟ್ರೆ ತುಕ್ಕು ಹಿಡಿಯುತ್ತೆ ಸಾರ್," ಎಂದರು ಆತ, ಯಾರೂ ಕೇಳದಿದ್ದರೂ.

ಶಿವಮೊಗ್ಗದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಮಗ ಹಾಲೇಶ್ ಪಾಳಿ ಮುಗಿಸಿ 2.10ಕ್ಕೆ ಬಂದ. ಶಂಕರನಾರಾಯಣ ಬಿಳಿ ಹಾಳೆ ಕೊಟ್ಟು ಹೆಸರು, ವಿಳಾಸ ಬರೆಯಲು ಹೇಳಿದರು. ಹಾಲೇಶ್ ಮೊದಲು ಹಾಳೆಯ ಮೇಲಂಚಿನಲ್ಲಿ ಸುಳಿ ಹಾಕಿದ. ಆಮೇಲೆ ಹೆಸರು.

"ಇದನ್ನ ಯಾರು ಕಲಿಸಿದ್ದು?"

"ಪಕ್ಕದ ಮನೆ ತಮಿಳಜ್ಜಿ, ಪಾಟಿ ಅಂತಿದ್ವಿ. ಇದನ್ನ ಹಾಕಿ ಬರೆದ್ರೆ ಪರೀಕ್ಷೇಲಿ ಗಣಪತಿ ಕೈಬಿಡಲ್ಲ ಅಂತಿದ್ರು."

ಶಂಕರನಾರಾಯಣ ಐದು ಹಾಳೆಗಳನ್ನು ಎದುರಿಗಿಟ್ಟರು. ಹಾಲೇಶ್ ಒಂದೊಂದರ ನೆತ್ತಿಯನ್ನೂ ನೋಡಿದ. ಗಣಪತಿ ಈ ಸಲ ಕೈಬಿಟ್ಟಿದ್ದ.

"ಯಾಕೆ ಬರೆದೆ?"

"ದಿನಾ ಬಸ್ಸು ಆ ಗೇಟಿನ ಮುಂದೇ ಹೋಗುತ್ತೆ. ನೋಟಿಸ್ ನೋಡಿದೆ. ಅವತ್ತು ಆ ಅಮ್ಮನ ಹತ್ರ ಅಪ್ಪ ಕಾಲು ಹಿಡಿಯೋದೊಂದು ಬಾಕಿ ಸಾರ್, ಅಷ್ಟು ಕೇಳ್ಕೊಂಡ್ರು. ಆಕೆ ನಿಯಮ ಅಂದ್ರು. ಈಗ ಅವರಿಗೆ ಬೇರೆ ನಿಯಮನಾ?"

"ಹೆಸರುಗಳು?"

"ಆ ಮನೆಗಳಿಗೆಲ್ಲ ಹಿಟ್ಟು ಹೊತ್ತಿದೀನಿ. ಅಪ್ಪನ ಅರ್ಜಿ ಬರೆದುಕೊಟ್ಟಿದ್ದೂ ನಾನೇ."

ಗೋವಿಂದಯ್ಯ ಎಣ್ಣೆ ಬಟ್ಟೆಯನ್ನು ಕೆಳಗಿಟ್ಟರು. "ಗಿರಣಿ ಸದ್ದು ಇತ್ತು ಕಣೋ. ಆ ಅಮ್ಮ ಬರೆದಿದ್ದು ನಿಜ, ತನ್ನ ಹೆಸರಲ್ಲೇ ಬರೆದ್ರು. ನೀನು ಬರೆದಿದ್ದು ಸುಳ್ಳು."

ಹಾಲೇಶ್ ತಪ್ಪೊಪ್ಪಿಕೊಂಡ. 3.40ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮುಂಚೆ ಅಪ್ಪನ ಕಡೆ ನೋಡಲು ಅವನಿಗೆ ಆಗಲಿಲ್ಲ. ಪುಷ್ಪಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಸಂಜೆ 5.30ಕ್ಕೆ ಸುಮನಾರನ್ನು ಠಾಣೆಗೆ ಕರೆಸಿ 2022ರ ಕಾಗದ ತೋರಿಸಿದರು.

"ಈ ಸಹಿ ನಿಮ್ಮದಾ?"

ಆಕೆ ಎರಡೂ ಸಾಲು ಓದಿದರು. "ನಂದೇ ಸಾರ್. ಮಗಳು ಅಕ್ಷರಾದು ಎಸ್ಸೆಸ್ಸೆಲ್ಸಿ ವರ್ಷ. ಬೆಳಗ್ಗೆ ಆರಕ್ಕೇ ಗಿರಣಿ ಶುರುವಾಗ್ತಿತ್ತು, ಮಗು ಕಿವಿ ಮುಚ್ಕೊಂಡು ಓದ್ತಿತ್ತು. ಆಗಿನ್ನೂ ನಮ್ಮನೆಯವರು ಇದ್ರು. ಇಂಥ ಅರ್ಜಿ ನಾನೂ ಹಾಕ್ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಆ ಐದನ್ನೂ ಬರೆದಿದ್ದು ಗಿರಣಿಯವರ ಮಗ. ನಕಲಿ ಅಂತ ಪ್ರಾಧಿಕಾರಕ್ಕೆ ವರದಿ ಕಳಿಸ್ತೀವಿ. 21ಕ್ಕೆ ನಿಮಗೆ ತೊಂದರೆ ಆಗಲ್ಲ."

ಸುಮನಾ ತಲೆಯಾಡಿಸಿದರು. ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ.

"ಹಿಟ್ಟು ಮಾಡಿಸೋಕೆ ಅಷ್ಟು ದೂರ ಹೊಸಮನೆಗೆ ಯಾಕೆ ಹೋಗ್ತೀರಿ ಅಮ್ಮ?" ಪುಷ್ಪಮ್ಮ ಸುಮ್ಮನೆ ಕೇಳಿದರು.

"ಏನ್ ಮಾಡೋದು, ನಮ್ಮ ಬೀದೀಲಿ ಗಿರಣಿ ಇಲ್ವಲ್ಲ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಆ ಮಾತನ್ನು ಪುಷ್ಪಮ್ಮ ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.