ನೀಲಿಯಾಗುವ ಮೊದಲೇ

ಸೇತುವೆಯ ಕೊನೆಯ ಹಲಗೆಗೆ ಮೊಳೆ ಹೊಡೆದು ಬಡಗಿ ತಲೆಯೆತ್ತಿದಾಗ, ಎದುರಿಗೆ ಆ ದಡದ ಹುಡುಗಿ ನಿಂತಿದ್ದಳು.

ಮಳೆಗಾಲವಿಡೀ ಅವಳು ಕಾದಿದ್ದದ್ದು ಅವನ ಮುಖಕ್ಕೇ. ಆದರೆ ಆ ಮುಖದಲ್ಲಿ ನಗುವಿರಲಿಲ್ಲ...

ಬೆಟ್ಟದಿಂದ ಧುಮುಕುವ ಆ ನದಿ ಮಳೆ ಬಂತೆಂದರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದಕ್ಕೇ ಮಳೆಗೆ ಮುಂಚೆ ಅವನು ಹಲಗೆಗಳನ್ನು ಬಿಚ್ಚಿಡುತ್ತಿದ್ದ. ನೀರಿಳಿದು ತಿಳಿಯಾಗಿ, ಹಳದಿ ಎಲೆಗಳನ್ನು ಹೊತ್ತು ಹರಿಯುವ ಈ ಶರತ್ಕಾಲದಲ್ಲಿ ಮತ್ತೆ ಜೋಡಿಸುತ್ತಿದ್ದ.

ಈ ಸಲ ಹಲಗೆ ಬಿಚ್ಚುವ ಮುನ್ನ ಅವನು ಅವಳನ್ನು ಮದುವೆಗೆ ಕೇಳಿದ್ದ. ಅಪ್ಪನನ್ನು ಕೇಳಿ ಹೇಳುತ್ತೇನೆಂದಿದ್ದಳು. ಹಲಗೆ ಬಿಚ್ಚಿ ನಾಳೆ ಬೆಳಿಗ್ಗೆ ಆಚೆ ದಡದಲ್ಲಿ ನಿಂತಿರುತ್ತೇನೆ, ಒಪ್ಪಿಗೆಯಿದ್ದರೆ ನೀಲಿ ಬಟ್ಟೆ ಹರವು, ಬೇರೆ ಬಣ್ಣ ಕಂಡರೆ ಮತ್ತೆಂದೂ ಕೇಳುವುದಿಲ್ಲ ಎಂದು ಹೋಗಿದ್ದ.

ಬಟ್ಟೆಗೆ ಬಣ್ಣ ಹಾಕುವವರ ಮನೆಯ ಮಗಳು ಅವಳು. ಅಪ್ಪ ಹೂಂ ಅಂದದ್ದೇ ತಡ, ಹೊಸ ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ, ತೊಟ್ಟಿಕ್ಕುತ್ತಿದ್ದಂತೆಯೇ ದಡದ ಹಗ್ಗಕ್ಕೆ ಹಾಕಿದ್ದಳು. ಅಪ್ಪನನ್ನು ಕರೆದುಕೊಂಡು ಹೊರಬಂದರೆ... ಆಚೆ ದಡ ಖಾಲಿ!

ಆಮೇಲೆ ಬರೀ ನದಿಯ ಆರ್ಭಟ. ನೀನು ಹೀಗೆ ದಿಟ್ಟಿಸಿದರೆ ನದಿಯೇ ನಾಚಿ ಬತ್ತಿಹೋದೀತು ಎಂದು ಚಿಕ್ಕಮ್ಮ ನಗಿಸಲು ನೋಡಿದ್ದಳು. ಅವಳಿಗೆ ನಗು ಬಂದಿರಲಿಲ್ಲ.

"ಯಾಕೆ ಹೊರಟುಹೋದೆ?" ಈಗ ಕೇಳಿದಳು.

"ಹಸಿರು ಬಟ್ಟೆ ಹಾಕಿ ಬೇಡ ಅಂದವಳು ನೀನೇ ಅಲ್ವಾ?"

ಹಸಿರಾ?

ಅವನನ್ನು ತೊಟ್ಟಿಯ ಬಳಿಗೆ ಕರೆದೊಯ್ದಳು. ಬಿಳಿಯ ತುಂಡೊಂದನ್ನು ಅದ್ದಿ ಮೇಲೆತ್ತಿದಳು. ಎಳೆ ಎಲೆಯಂಥ ಹಸಿರು. ಗಾಳಿ ಸೋಕಿದಂತೆ ಅಂಚು ಗಾಢವಾಯಿತು, ಮಡಿಕೆಗಳು ಬಣ್ಣ ಬದಲಿಸಿದವು, ನೋಡನೋಡುತ್ತಲೇ ಬಟ್ಟೆಯೆಲ್ಲ ನೀಲಿಯಾಯಿತು.

ಹುಟ್ಟಿದಾಗಿನಿಂದ ನೋಡಿದ ಅವಳ ಕಣ್ಣಿಗೆ, ತೊಟ್ಟಿಯಿಂದೆದ್ದದ್ದೆಲ್ಲ ನೀಲಿಯೇ. ಅವನಿಗೆ ಅದು ಗೊತ್ತಿರಲಿಕ್ಕಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ...

ಬಡಗಿ ನೀಲಿಯಾದ ಬಟ್ಟೆಯನ್ನು ಮುಟ್ಟಿ ನೋಡಿದ. "ನೋಡಿದ ಕೂಡಲೇ ಬೆನ್ನು ತಿರುಗಿಸಿಬಿಟ್ಟೆ ಕಣೇ. ಅಮ್ಮ ತೋರಿಸಿದ ಹುಡುಗಿಗೆ ಹೂಂ ಅಂದುಬಿಟ್ಟೆ. ಮದುವೆಯೂ ಆಗಿಹೋಯ್ತು."

ಅವಳ ಕೈಯಿಂದ ಬಟ್ಟೆ ಜಾರಿತು. ಹೊರಗೆ ನದಿ ತನ್ನ ಪಾಡಿಗೆ ಹರಿಯುತ್ತಿತ್ತು.

"ನನಗೆ ನೀನಂದ್ರೆ ಪ್ರಾಣ," ಅಂದಳು. "ಒಂದು ಸಲ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಿದೆ. ಅವಳು ಒಳ್ಳೆಯವಳಾ?"

ಅವನು ತಲೆ ತಗ್ಗಿಸಿದ. "ತುಂಬಾ."

"ಹಾಗಾದ್ರೆ ಅವಳಿಗೆ ಹೀಗೆ ಮಾಡಬೇಡ. ಎಷ್ಟೇ ನೋವಾದ್ರೂ... ಬೆನ್ನು ತಿರುಗಿಸೋ ಮುಂಚೆ ಸ್ವಲ್ಪ ಹೊತ್ತು ನಿಂತ್ಕೋ."

"ನಿಲ್ತೀನಿ," ಅಂದ ಅವನು, ಕಣ್ಣೊರೆಸಿಕೊಳ್ಳದೆ.