ಹೊಗೆಯಿಲ್ಲದ ಕೋಣೆ

ಸೆಪ್ಟೆಂಬರ್ ಒಂಬತ್ತು, ಮಂಗಳವಾರ, ಮಧ್ಯಾಹ್ನ ಎರಡೂವರೆಗೆ ಯುಸ್ನಿದಾರ್ ಎಂಬ ಹೆಂಗಸು ದುಮಾಯ್ ಬಂದರಿನ ಠಾಣೆಗೆ ದೂರು ತಂದಳು. ಆಕೆಯ ಗಂಡ ಮುಸ್ತಾಕಿಮ್ ಅಂದು ಬೆಳಿಗ್ಗೆ ತಾಳೆ ಎಣ್ಣೆ ಕಾರ್ಖಾನೆಯ ಖಾಲಿ ಟ್ಯಾಂಕು ತೊಳೆಯಲು ಇಳಿಯುವಾಗ ಏಣಿಯಿಂದ ಬಿದ್ದು ಸತ್ತಿದ್ದ.

"ಉಪವಾಸ ಇದ್ದ, ತಲೆ ತಿರುಗಿ ಬಿದ್ದ, ತಪ್ಪು ಅವನದೇ ಅಂತ ಕಾರ್ಖಾನೆಯೋರು ಬರ್ಕೊಂಡವ್ರೆ ಸಾರ್. ಸೋಮವಾರ, ಗುರುವಾರ ಉಪವಾಸ ಇರ್ತಿದ್ರು, ನಿಜ. ಇವತ್ತು ಮಂಗಳವಾರ. ಎರಡು ತಟ್ಟೆ ಲೊಂತೊಂಗ್ ಅನ್ನ ತಿಂದು ಹೋಗಿದ್ರು."

"ನಿಮಗೇನಾಗಬೇಕು ತಾಯಿ?" ಇನ್ಸ್‌ಪೆಕ್ಟರ್ ಹಸ್ನಿಲ್ ಕೇಳಿದ.

"ಸತ್ತೋರ ಮೇಲೆ ಹೊರಿಸಿದ ತಪ್ಪು ಇಳೀಬೇಕು."

ಎಫ್‌ಐಆರ್ ದಾಖಲಾಯಿತು. ನಾಲ್ಕು ಗಂಟೆಗೆ ಹಸ್ನಿಲ್ ಮತ್ತು ಕಾನ್‌ಸ್ಟೇಬಲ್ ಸಿತೋರಸ್ ಕಾರ್ಖಾನೆಗೆ ಹೋಗಿ ಪಂಚನಾಮೆ ಮಾಡಿದರು. ಎಣ್ಣೆ ಕೆಡದಿರಲೆಂದು ಅಲ್ಲಿನ ಟ್ಯಾಂಕುಗಳಿಗೆ ನೈಟ್ರೋಜನ್ ತುಂಬುತ್ತಾರೆ. ಆಳು ಇಳಿಯುವ ಮುನ್ನ ಗಾಳಿ ಊದಿ, ಆಮ್ಲಜನಕ ಎಷ್ಟಿದೆಯೆಂದು ಕೈ ಮೀಟರಿನಿಂದ ಅಳೆಯಬೇಕು. ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯುವಂತಿಲ್ಲ.

"19.8 ತೋರಿಸ್ತು ಸಾರ್. ಅದಕ್ಕೇ ಇಳಿಸಿದೆ," ಎಂದ ಮೇಸ್ತ್ರಿ.

ಹಸ್ನಿಲ್ ಆ ಮೀಟರನ್ನು ವಶಪಡಿಸಿಕೊಂಡು ಮೊಹರು ಹಾಕಿದ.

ಮರಣೋತ್ತರ ಪರೀಕ್ಷೆಯ ವರದಿ ಬುಧವಾರ ಬೆಳಿಗ್ಗೆ ಬಂತು. ಹೊಟ್ಟೆಯಲ್ಲಿ ಅನ್ನವಿತ್ತು. ಹತ್ತು ಗಂಟೆಗೆ ಇಬ್ಬರು ಪಂಚರ ಎದುರಿಗೆ ಠಾಣೆಯ ಜಗಲಿಯಲ್ಲಿ ಮೊಹರು ಒಡೆದು, ಅಗ್ನಿಶಾಮಕ ದಳದಿಂದ ತರಿಸಿದ ಇನ್ನೊಂದು ಮೀಟರನ್ನು ಪಕ್ಕದಲ್ಲಿಟ್ಟು ಎರಡನ್ನೂ ಚಾಲು ಮಾಡಿದರು. ದಳದ್ದು 20.9 ತೋರಿಸಿತು. ಜಗತ್ತಿನಲ್ಲೆಲ್ಲ ಬಯಲಿನ ಗಾಳಿಯಲ್ಲಿ ಆಮ್ಲಜನಕ ಅಷ್ಟೇ. ಕಾರ್ಖಾನೆಯದು 25.7 ತೋರಿಸಿತು.

"ಇದರ ಲೆಕ್ಕದಲ್ಲಿ ನಮ್ಮ ಜಗಲಿ ಗಾಳಿಗೆ ಊರಲ್ಲೇ ಸಾಟಿಯಿಲ್ಲ ಸಾರ್," ಎಂದ ಸಿತೋರಸ್. "ಮಾವನ ಮನೇಲಿ ಹೇಳ್ಕೋಬೋದು."

"ಇರೋದಕ್ಕಿಂತ ಹೆಚ್ಚು ಹೇಳ್ತಾ ಇದೆ. ಟ್ಯಾಂಕಲ್ಲಿ ಇದ್ದದ್ದು ಹದಿನಾರರ ಹತ್ತಿರ. ತಳದಲ್ಲಿ ಇನ್ನೂ ಕಡಿಮೆ ಇರ್ಬೇಕು. ಆಮ್ಲಜನಕ ಕಡಿಮೆ ಇರೋ ಗಾಳೀಲಿ ಇಟ್ಟು, ಇದೇ 20.9 ಅಂತ ಯಾರೋ ಇದಕ್ಕೆ ಪಾಠ ಹೇಳಿದಾರೆ."

ಮೀಟರುಗಳನ್ನು ಸರಿಹೊಂದಿಸಿದ್ದನ್ನು ಬರೆದಿಡುವ ಪುಸ್ತಕ ತರಿಸಿದರು. 'ಸೆಪ್ಟೆಂಬರ್ ಮೂರು, 9.30. ನೈಟ್ರೋಜನ್‌ನಲ್ಲಿ ಸೊನ್ನೆ, ಹೊರಗಿನ ಗಾಳಿಯಲ್ಲಿ 20.9. ಸ್ಥಳ: ಅಂಗಳ.' ಸಹಿ, ತಂತ್ರಜ್ಞ ಸ್ಯಾಫ್ರಿಜಾಲ್. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವನ ಮೇಲೆ ಒಂದೂ ಕಪ್ಪುಚುಕ್ಕೆ ಇರಲಿಲ್ಲ. ಆದರೆ ಕಾವಲುಗಾರರ ದಿನಚರಿ ಬೇರೆಯೇ ಹೇಳುತ್ತಿತ್ತು: ಕಾಡಿನ ಬೆಂಕಿಯ ಹೊಗೆ ಕವಿದದ್ದರಿಂದ ಮೂರನೆಯ ತಾರೀಖು ಏಳು ಗಂಟೆಯಿಂದಲೇ ಅಂಗಳಕ್ಕೆ ಯಾರನ್ನೂ ಬಿಟ್ಟಿರಲಿಲ್ಲ.

ನಾಲ್ಕೂ ನಲವತ್ತಕ್ಕೆ ಸ್ಯಾಫ್ರಿಜಾಲ್ ಠಾಣೆಯ ಜಗಲಿಗೆ ಬಂದು ಕೂತ.

"ಮೂರನೇ ತಾರೀಖು ಅಂಗಳಕ್ಕೆ ಹೋಗಿದ್ರಾ?"

"ಪುಸ್ತಕದಲ್ಲಿದೆಯಲ್ಲ ಸಾರ್."

"ಪುಸ್ತಕ ನಾನು ಓದ್ಕೊಂಡಿದೀನಿ. ನಿಮ್ಮನ್ನ ಕೇಳಿದ್ದು."

ಹಸ್ನಿಲ್ ಮೀಟರನ್ನು ಅವನ ಮುಂದೆ ಸರಿಸಿದ. ಸ್ಯಾಫ್ರಿಜಾಲ್ ಅಂಕಿ ನೋಡಿದ, ಜಗಲಿಯಾಚೆಗಿನ ಬಯಲು ನೋಡಿದ.

"ಮೊದಲು ಫೋನ್ ಮಾಡಿ ಸಾರ್. ಅವತ್ತು ಇನ್ನೂ ಎರಡು ಮೀಟರ್ ಸರಿಹೊಂದಿಸಿದೀನಿ, ಅದೇ ಕೋಣೇಲಿ. ಏಳನೇ ಟ್ಯಾಂಕಿಗೆ ಐದು ಗಂಟೆಗೆ ಜನ ಇಳೀತಾರೆ."

ಸಿತೋರಸ್ ಫೋನಿಗೆ ಓಡಿದ. ಏಣಿಗೆ ಕಾಲಿಟ್ಟಿದ್ದ ಇಬ್ಬರು ಮೇಲೆ ಬಂದರೆಂದು ಸುದ್ದಿ ಬಂದ ಮೇಲೆಯೇ ಹಸ್ನಿಲ್ ಮುಂದಿನ ಪ್ರಶ್ನೆ ಕೇಳಿದ.

"ಯಾವ ಕೋಣೆ?"

"ನೈಟ್ರೋಜನ್ ಯಂತ್ರದ ಕೋಣೆ. ಕಿಟಕಿ ಭದ್ರ, ತಂಪು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ಒಂಚೂರೂ ವಾಸನೆ ಇರಲಿಲ್ಲ. ಕಾರ್ಖಾನೇಲೆಲ್ಲ ಅದೇ ಶುದ್ಧ ಗಾಳಿ ಅಂದ್ಕೊಂಡೆ."

"ಅಲ್ಲಿ ನೈಟ್ರೋಜನ್ ಕೊಳವೆ ಸೋರ್ತಾ ಇರ್ಬೇಕು. ಗೊತ್ತಾಗ್ಲಿಲ್ವಾ?"

"ಸ್ವಲ್ಪ ತಲೆನೋವು ಬಂತು. ಹೊಗೇದು ಅಂದ್ಕೊಂಡೆ."

"ಹೊಗೆ ಇದ್ರೂ ಬಯಲಲ್ಲಿ ಆಮ್ಲಜನಕ ಅಷ್ಟೇ ಇರುತ್ತೆ. ಇಪ್ಪತ್ತೆರಡು ವರ್ಷದೋರು, ನಿಮಗೆ ಗೊತ್ತಿಲ್ವಾ?"

"ಪುಸ್ತಕದ ಪ್ರಕಾರ ಗೊತ್ತು."

ಸಿತೋರಸ್ ದಳದ ಮೀಟರ್ ಹಿಡಿದು ಕಾರ್ಖಾನೆಗೆ ಹೋಗಿ, ಆ ಕೋಣೆಯ ಬಾಗಿಲು ಮುಚ್ಚಿಸಿ, ಅರ್ಧ ಗಂಟೆ ಬಿಟ್ಟು ಅಳೆದ. 17.0. ಅದನ್ನೇ ಮೀಟರು 20.9 ಎಂದು ಕಲಿತಿತ್ತು. ಮುಸ್ತಾಕಿಮ್‌ನ ತಪ್ಪೇನೂ ಇಲ್ಲವೆಂದು ಹಸ್ನಿಲ್ ವರದಿಯಲ್ಲಿ ಬರೆದು, ಯುಸ್ನಿದಾರ್‌ಗೆ ಹೇಳಿ ಕಳಿಸಿದ. ಆಮೇಲೆ ಸ್ಯಾಫ್ರಿಜಾಲನತ್ತ ತಿರುಗಿದ.

"ಅಂಗಳ ಅಂತ ಸುಳ್ಳು ಯಾಕೆ ಬರೆದ್ರಿ?"

"ಕೋಣೆ ಅಂತ ಬರೆದ್ರೆ ಮಾರನೇ ದಿನ ಅದೇ ಹೊಗೇಲಿ ಮತ್ತೆ ಹೊರಗೆ ಮಾಡು ಅಂತಿದ್ರು." ಮೀಟರನ್ನು ಹಿಂದಕ್ಕೆ ಸರಿಸಿ ಹೇಳಿದ: "ಹತ್ತು ವರ್ಷದ ಹಿಂದೆ ಇಂಥದ್ದೇ ಹೊಗೇಲಿ ನನ್ನ ಮಗಳು ಉಸಿರು ಕಟ್ಟಿ ಹೋದ್ಲು. ಏಳು ತಿಂಗಳ ಕೂಸು. ಆ ಗಾಳೀನ ಹಿಡಿದು, ಇದೇ ಸರಿಯಾದ ಗಾಳಿ ಅಂತ ಯಂತ್ರಕ್ಕೆ ಕಲಿಸೋಕೆ ನನಗೆ ಕೈ ಬರಲಿಲ್ಲ ಸಾರ್."

ಅಷ್ಟರಲ್ಲಿ ಸಂಜೆಯ ಬಾಂಗು ಕೇಳಿಸಿತು. ಹಸ್ನಿಲ್ ಅವನಿಗೆ ಕೈಕಾಲು ಮುಖ ತೊಳೆದು ವುಜೂ ಮಾಡಲು ನೀರು ಕೊಡಿಸಿದ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡಿದರು. ಆರೂ ಮುಕ್ಕಾಲಿಗೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಮತ್ತು ಸುಳ್ಳು ದಾಖಲೆ ಬರೆದ ಆರೋಪದ ಮೇಲೆ ಸ್ಯಾಫ್ರಿಜಾಲನ ಬಂಧನವಾಯಿತು.