ಹಗ್ಗದ ಮೇಲೆ ಹಾಲಿನ ಪ್ಯಾಕೆಟ್

ಚಳಿಗಾಲದ ಬೆಳಗು, ಶಾಲೆಗೆ ಹೊರಡುವ ಹೊತ್ತು. ಮೋಡ ಕವಿದು ಆ ವಾರವೆಲ್ಲ ಬಿಸಿಲೇ ಇರಲಿಲ್ಲ.

“ಅಯ್ಯೋ ಅತ್ತೇ! ಕಸಾನ ಯಾರಾದ್ರೂ ತೊಳೀತಾರಾ?”

ಕೂಗಿದವಳು ಪಟಾಕಿ. ಮಾತೆತ್ತಿದರೆ ಸಿಡಿಯುತ್ತಾಳೆಂದು ಮನೆಯವರೇ ಇಟ್ಟ ಹೆಸರು ಅದು. ಮೊಣಕಾಲು ನೋವಿಗೆ ಔಷಧಿ ಮಾಡಿಸಿಕೊಳ್ಳಲು ಊರಿಂದ ಬಂದಿದ್ದ ಸೋದರತ್ತೆ, ನಲ್ಲಿಯ ಕೆಳಗೆ ಹಾಲಿನ ಪ್ಯಾಕೆಟ್, ಚಿಪ್ಸ್ ಕವರ್, ಬಿಸ್ಕತ್ತಿನ ರಟ್ಟಿನ ಡಬ್ಬ ಎಲ್ಲವನ್ನೂ ತಿಕ್ಕಿ ತೊಳೆದು, ನೀರು ಸೋರುತ್ತಿದ್ದಂತೆಯೇ ಮೂಟೆಗೆ ತುರುಕುತ್ತಿದ್ದರು.

“ನೀನೇ ಹೇಳಿದ್ಯಲ್ಲೇ, ಅಪ್ಪನ ಪ್ಲಾಂಟಿಗೆ ಕ್ಲೀನ್ ಕಸ ಬೇಕು ಅಂತ?”

“ಎಂಜಲು-ಮುಸುರೆ ಮೆತ್ತಿರಬಾರದು ಅಂದೆ. ಸ್ನಾನ ಮಾಡಿಸಿ ಅಂದೆನಾ?”

“ಒಂದು ವಾರದಿಂದ ಬೀದಿಯವರೆಲ್ಲ ಹೀಗೇ ಮಾಡ್ತಿದಾರೆ. ನಾನೇ ಹೇಳಿಕೊಟ್ಟೆ!”

ಪಟಾಕಿ ಹಣೆ ಚಚ್ಚಿಕೊಂಡಳು. ಜಗಳ ಮುಗಿಸಲು ಹೊತ್ತಿರಲಿಲ್ಲ. ಅಂದು ಅವಳ ಕ್ಲಾಸಿನವರೆಲ್ಲ ಅಪ್ಪ ಕೆಲಸ ಮಾಡುವ, ಕಸದಿಂದ ಕರೆಂಟ್ ತಯಾರಿಸುವ ಪ್ಲಾಂಟ್ ನೋಡಲು ಹೋಗುವುದಿತ್ತು. “ನಮ್ಮಪ್ಪ ಇಂಜಿನ್ ಸ್ಟಾರ್ಟ್ ಮಾಡ್ತಾರೆ, ಕಸದ ಕರೆಂಟಲ್ಲಿ ಬಲ್ಬ್ ಹತ್ತುತ್ತೆ, ನೋಡ್ತಿರಿ” ಎಂದು ಅವಳು ಎಲ್ಲರ ತಲೆ ತಿಂದಿದ್ದಳು.

ಪ್ಲಾಂಟಿನಲ್ಲಿ ಅಪ್ಪ ಒಂದೊಂದೇ ತೋರಿಸಿದರು. ಒಣಕಸವನ್ನು ಮೆಷಿನ್ ಚೂರುಚೂರು ಮಾಡುತ್ತದೆ. ಆ ಚೂರನ್ನು ಒತ್ತಿದರೆ ಬೆರಳುಗಾತ್ರದ ತುಂಡುಗಳು. ಅದೇ ಇಂಧನ.

“ಒಲೆ ಥರ ಧಗಧಗ ಉರಿಸಲ್ಲ ಮಕ್ಕಳೇ. ಮುಚ್ಚಿದ ಕುಲುಮೇಲಿ ಸ್ವಲ್ಪವೇ ಗಾಳಿ ಕೊಟ್ಟು ಕಾಯಿಸಿದ್ರೆ ಗ್ಯಾಸ್ ಬರುತ್ತೆ. ಗ್ಯಾಸಿಂದ ಇಂಜಿನ್ ಓಡುತ್ತೆ. ಇಂಜಿನ್ನು ಜನರೇಟರ್ ತಿರುಗಿಸುತ್ತೆ.”

“ಈಗ ಓಡ್ಸಿ ಅಂಕಲ್!”

ಇಂಜಿನ್ ಗೊರ್ ಎಂದಿತು, ಕೆಮ್ಮಿತು, ನಿಂತಿತು. ಇನ್ನೊಮ್ಮೆಯೂ ಅಷ್ಟೇ. ಅಪ್ಪ ಇಂಧನದ ತುಂಡೊಂದನ್ನು ಮುರಿದರು. ಒಳಗೆಲ್ಲ ಮೆತ್ತಗೆ. ಚೂರಿನ ರಾಶಿಯಿಂದ ಒಂದು ಹಿಡಿ ಎತ್ತಿ ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

“ಶಾಖವೆಲ್ಲ ಈ ನೀರನ್ನ ಆವಿ ಮಾಡೋಕೇ ಹೋಗ್ತಿದೆ, ಗ್ಯಾಸಿಗೆ ಕಸುವೇ ಇಲ್ಲ. ಯಾವ ಬೀದಿ ಮೂಟೆಯಪ್ಪಾ ಇದು?”

“ನಿಮ್ಮ ಬೀದೀದೇ, ಅಣ್ಣ” ಎಂದ ಕಸದ ಗಾಡಿಯವ.

“ಪಟಾಕಿ ಟುಸ್!” ಎಂದರು ಹಿಂದಿನಿಂದ ಯಾರೋ. ಕ್ಲಾಸೆಲ್ಲ ನಕ್ಕಿತು. “ಇಂಧನ ಒಣಗಿದ್ರೆ ಶನಿವಾರ ಇನ್ನೊಂದ್ಸಲ ಬರೋಣ” ಎಂದು ಟೀಚರ್ ಸಮಾಧಾನ ಹೇಳಿದರು.

ಸಂಜೆ ಮನೆಗೆ ಬಂದವಳೇ ಪಟಾಕಿ ಬ್ಯಾಗ್ ಎಸೆದಳು. “ಎಲ್ಲಾ ನಿಮ್ಮಿಂದಾನೇ ಅತ್ತೆ! ಯಾಕಾದ್ರೂ ತೊಳೆದ್ರೋ!”

ಅತ್ತೆಯ ದನಿ ಸಣ್ಣಗಾಯಿತು. “ಆ ಕಸಕ್ಕೆಲ್ಲ ನನ್ನ ತಮ್ಮ ತಾನೇ ಕೈ ಹಾಕ್ಬೇಕು? ನಾರೋದಕ್ಕೆ ಕೈ ಹಾಕೋದು ಬೇಡ ಅಂತ ತೊಳೆದೆ ಕಣೇ.”

ಪಟಾಕಿ ಎಸೆದ ಬ್ಯಾಗನ್ನು ಎತ್ತಿಟ್ಟಳು. ಅಪ್ಪನ ಇಂಜಿನ್ ಬಗ್ಗೆ ಅವಳಿಗೆ ಎಲ್ಲ ಗೊತ್ತಿತ್ತು. ಅಪ್ಪನ ಕೈ ಬಗ್ಗೆ ಅವಳು ಯಾವತ್ತೂ ಯೋಚಿಸಿರಲಿಲ್ಲ.

“ಪ್ಲಾಸ್ಟಿಕ್ ತೊಳೀರಿ ಅತ್ತೆ” ಎಂದಳು ಆಮೇಲೆ, ಮೆಲ್ಲಗೆ. “ಆದ್ರೆ ಒಣಗಿಸಿ ಕೊಡಿ. ರಟ್ಟಿಗೆ ಮಾತ್ರ ನೀರು ಸೋಕಿಸಬೇಡಿ.”

“ಬಿಸಿಲೆಲ್ಲಿದೆಯೇ?”

“ಗಾಳಿ ಇದೆಯಲ್ಲ. ಹಗ್ಗ ಕಟ್ಟೋಣ.”

ಮರುದಿನ ಬೀದಿಯುದ್ದಕ್ಕೂ ಅಂಗಿ-ಲಂಗಗಳ ನಡುವೆ ಹಾಲಿನ ಪ್ಯಾಕೆಟ್‌ಗಳು ತೂಗಾಡಿದವು. ಅತ್ತೆ ಕುಂಟುತ್ತಾ ಮನೆಮನೆಗೆ ಹೋಗಿ, ಹಗ್ಗದ ಮೇಲಿದ್ದುದನ್ನೆಲ್ಲ ಮುಟ್ಟಿ ನೋಡಿ, “ಇದಿನ್ನೂ ಹಸಿ, ಮೂಟೆಗೆ ಹಾಕ್ಬೇಡ” ಎಂದು ಗದರಿದರು.

“ಅತ್ತೇ, ಅದು ಈ ಮನೆ ಆಂಟಿಯ ಕರ್ಚೀಫು!” ಹಿಂದೆಯೇ ಹೊರಟಿದ್ದ ಪಟಾಕಿಗೆ ಸಾಕುಸಾಕಾಯಿತು.

ಅತ್ತ ಅಪ್ಪ ಹಸಿ ರಾಶಿಯನ್ನೆಲ್ಲ ಬಿಸಿಗಾಳಿಗೆ ಹರವಿ ಒಣಗಿಸಿದರು. ಶನಿವಾರ ಇಂಜಿನ್ ಒಮ್ಮೆ ಕೆಮ್ಮಿ, ಓಡಿಯೇ ಬಿಟ್ಟಿತು. ಎಲ್ಲರೂ ಹತ್ತಿದ ಬಲ್ಬುಗಳನ್ನು ನೋಡಿ ಚಪ್ಪಾಳೆ ತಟ್ಟುವಾಗ ಪಟಾಕಿ ಅಪ್ಪನ ಕೈಗಳನ್ನೇ ನೋಡುತ್ತಿದ್ದಳು.

ಅತ್ತೆ ಊರಿಗೆ ಹೊರಟದ್ದು ಭಾನುವಾರ. “ಪ್ಯಾಕೆಟ್ ತಲೆಕೆಳಗೆ ಹಾಕೇ, ಇಲ್ದಿದ್ರೆ ನೀರು ಒಳಗೇ ನಿಲ್ಲುತ್ತೆ!” ಎಂದು ಬಸ್ಸಿನ ಕಿಟಕಿಯಿಂದ ಕೂಗಿದರು. ಗೊತ್ತಿದ್ದ ಮಾತೇ. ಆದರೂ ಪಟಾಕಿ ಎದುರಾಡಲಿಲ್ಲ. “ಹೂಂ ಅತ್ತೆ” ಎಂದು, ಬಸ್ಸು ಮೂಲೆ ತಿರುಗುವವರೆಗೂ ಅಲ್ಲೇ ನಿಂತಿದ್ದಳು.